ನೀಲಿ ಬಂದರೆ ಒತ್ತು

ಶನಿವಾರ ಬೆಳಿಗ್ಗೆ ಕಲಾ ಎದ್ದು ನೋಡಿದರೆ ಫೋನಿಗೆ ವಿಭೂತಿ ಹಚ್ಚಿತ್ತು.

ಮೂರು ಬೆರಳಿನ ಪಟ್ಟೆ, ನೇರ ಗಾಜಿನ ಮೇಲೆ. ಕಿಟಕಿಯ ಕಟ್ಟೆಯಲ್ಲಿ ಹಳೇ ಸೀರೆಯ ತುಂಡು ಹಾಸಿ ಅದನ್ನು ಮಲಗಿಸಿದ್ದಳು ಅತ್ತೆ ಮುನಿಶಾಮಮ್ಮ. ತಾನು ಪಕ್ಕದಲ್ಲಿ, ಜ್ವರ ಬಂದ ಮಗುವನ್ನು ಕಾಯುವವಳ ಹಾಗೆ, ಮೊಣಕಾಲು ತಬ್ಬಿಕೊಂಡು ಕೂತಿದ್ದಳು.

“ಏನತ್ತೆ ಇದು?”

“ಏನಿಲ್ಲ ಕಣಮ್ಮಿ. ಅದಕ್ಕೆ ಒಸಿ ಉಸಾರಿಲ್ಲ.”

“ಫೋನಿಗಾ?”

“ಊಂ. ಒತ್ತಾರೆ ಏನೋ ಕೇಳ್ತು. ನೀಲಿ ಬಂತು. ನೀನೇ ತಾನೆ ಏಳ್ಕೊಟ್ಟಿದ್ದು, ನೀಲಿ ಬಂದ್ರೆ ಒತ್ತು ಅಂತ? ಒತ್ದೆ. ಒತ್ತಿದ್ದೇ ತಡ, ಕಣ್ ಮುಚ್ಕೊಂಬುಡ್ತು. ಸತ್ತೇ ಓಯ್ತು ಅಂದ್ಕೊಂಡೆ. ಆಮ್ಯಾಕೆ ಎದ್ದೈತೆ, ಆದ್ರೆ ಅದರ ಮಕ ಮದ್ಲಿನಂಗಿಲ್ಲ.”

ಕಲಾ ಸೆರಗಿನಿಂದ ವಿಭೂತಿ ಒರೆಸಿ ನೋಡಿದಳು. ಫೋನು ಸತ್ತಿರಲಿಲ್ಲ, ಹೊಸ ಜನ್ಮ ಎತ್ತಿತ್ತು. ಚಿತ್ರಗಳೆಲ್ಲ ಮೂಲೆ ದುಂಡಗಾಗಿ ಬೇರೆ ಬಣ್ಣ ಬಳಿದುಕೊಂಡಿದ್ದವು. ‘ನಿಮ್ಮ ಫೋನ್ ಅಪ್‌ಡೇಟ್ ಆಗಿದೆ’ ಎಂದು ಹಲ್ಲುಕಿರಿಯುತ್ತಿತ್ತು. ಆದರೆ ಕಂಪನಿಯ ಮೇಲ್ ಇರುವ ಲಕೋಟೆಯ ಚಿತ್ರ ಮಾತ್ರ ಬೂದಿ ಬಣ್ಣಕ್ಕೆ ತಿರುಗಿ, ನೆತ್ತಿಯ ಮೇಲೊಂದು ಕೆಂಪು ಗುರುತು ಹೊತ್ತು ಕೂತಿತ್ತು.

ಯಾವತ್ತು ಬೇಕಾದರೂ ಕೆಡಲಿ, ಇವತ್ತು ಕೆಡಬಾರದಿತ್ತು.

ಕಲಾ ಕೆಲಸ ಮಾಡುವುದು ಊರಾಚೆಯ ಯಂತ್ರದ ಕಾರ್ಖಾನೆಯಲ್ಲಿ, ಗುತ್ತಿಗೆಯ ಮೇಲೆ. ಶೆಡ್ಡುಗಳ ನೆಲ ತೊಳೆದು ಎಣ್ಣೆ ಜಿಡ್ಡು ಒರೆಸುವ ಹೆಂಗಸರಿಗೆ ಅವಳು ಶಿಫ್ಟ್ ಲೀಡರ್. ಕಾರ್ಖಾನೆಯೊಳಗೆ ಫೋನು ತರುವ ಹಾಗಿಲ್ಲ. ಒಳಗಿನದನ್ನು ಯಾರಾದರೂ ಫೋಟೋ ತೆಗೆದುಬಿಡುತ್ತಾರಂತೆ. ನೆಲ ಒರೆಸುವವಳು ಫೋಟೋ ತೆಗೆದು ಯಾವ ದೇಶಕ್ಕೆ ಮಾರಬೇಕೋ, ಆ ನಿಯಮ ಬರೆದವರೇ ಹೇಳಬೇಕು. ಅದೇ ಮಹಾಶಯರು ಹೋದ ವರ್ಷದಿಂದ, ಇನ್ನು ಮೇಲೆ ಎಲ್ಲವೂ ಕಂಪನಿ ಮೇಲ್‌ನಲ್ಲಿ, ಬಂದ ಮೇಲ್‌ಗೆ ಹೇಳಿದ ಹೊತ್ತಿನೊಳಗೆ ಒಪ್ಪಿಗೆ ಒತ್ತಬೇಕು ಎಂದೂ ಆಜ್ಞೆ ಹೊರಡಿಸಿದರು. ಫೋನು ತರಬೇಡ ಎನ್ನುವುದೂ ಅವರೇ, ಫೋನಿನಲ್ಲೇ ಉತ್ತರಿಸು ಎನ್ನುವುದೂ ಅವರೇ. ಬಡವರ ಮನೆಯಲ್ಲಿ ಎರಡನೆಯ ಜೀವವೊಂದು ಬಿಟ್ಟಿ ದುಡಿಯಲು ಕೂತಿರುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನಲ್ಲಿ, ಗಣಿಯವರಿಗೆಂದು ಸಾಲಾಗಿ ಕಟ್ಟಿದ ಈ ಲೈನ್ ಮನೆಯಲ್ಲಿ ಆ ಎರಡನೆಯ ಜೀವ ಮುನಿಶಾಮಮ್ಮ. ಅವಳಿಗೆ ಓದು ಬಾರದು, ಅಂಕಿಯೂ ಬಾರದು. ಮಗ ಕಾಂತರಾಜ್ ಬಣ್ಣದ ಕೆಲಸಕ್ಕೆಂದು ನಸುಕಿನ ರೈಲು ಹತ್ತಿದರೆ ಬರುವುದು ರಾತ್ರಿಗೇ. ಹಾಗಾಗಿ ಸೊಸೆ ಕೆಲಸಕ್ಕೆ ಹೋದಮೇಲೆ ಫೋನಿನ ಕಾವಲು ಮುದುಕಿಯದು. ಲಕೋಟೆ ಟಿಂಗ್ ಎಂದರೆ ತೆಗೆಯಬೇಕು, ಕೆಳಗೆ ನೀಲಿ ಪಟ್ಟಿ ಬಂದರೆ ಒತ್ತಬೇಕು. ಕಲಾ ಕಲಿಸಿದ್ದು ಇಷ್ಟೇ. ಮುದುಕಿ ಅದನ್ನು ದೇವರ ದೀಪ ನೋಡಿಕೊಂಡಷ್ಟು ನಿಷ್ಠೆಯಿಂದ ನೋಡಿಕೊಂಡು ಬಂದಿದ್ದಳು. ಜಗತ್ತಿನಲ್ಲಿ ಬೇರೆ ನೀಲಿಗಳೂ ಇವೆ ಎಂದು ಕಲಿಸುವುದನ್ನು ಕಲಾ ಮರೆತಿದ್ದಳು.

ಇವತ್ತು ಬರಬೇಕಿದ್ದುದು ಬಸ್ಸಿನ ಮೇಲ್.

ಎರಡನೇ ಶಿಫ್ಟ್ ಬಿಡುವ ಹೊತ್ತಿಗೆ ಬಂಗಾರಪೇಟೆಯ ಕೊನೆಯ ರೈಲು ಹೋಗಿಯಾಗಿರುತ್ತದೆ. ಅಲ್ಲಿಂದ ಬರುವ ಹೆಂಗಸರು ಗೇಟಿನ ಬೆಂಚಿನ ಮೇಲೆ ಬೆಳಗು ಮಾಡಬೇಕು, ಇಲ್ಲವೇ ಕಲಾಳ ಮನೆಗೆ ಬಂದು ಮಲಗಬೇಕು. ಅವರಲ್ಲಿ ಲಿಖಿತಳಿಗೆ ಎದೆಹಾಲು ಕುಡಿಯುವ ಕೂಸಿದೆ. ಅವಳು ಈ ಮನೆಯಲ್ಲಿ ಮಲಗಿದ ರಾತ್ರಿಗಳಲ್ಲಿ ಎದೆ ಕಲ್ಲಾಗಿ, ರವಿಕೆ ತೊಯ್ದು, ಸದ್ದಿಲ್ಲದೆ ಅಳುತ್ತಾಳೆ. ಮುನಿಶಾಮಮ್ಮ ಎದ್ದು ನೀರು ಕಾಯಿಸಿ, ಬಟ್ಟೆ ಅದ್ದಿ ಹಿಂಡಿ, ಅವಳ ಎದೆಗೆ ಶಾಖ ಕೊಡುತ್ತಾಳೆ. ಅತ್ತ ಬಂಗಾರಪೇಟೆಯಲ್ಲಿ ಕೂಸು ಬಾಟಲಿ ಉಗುಳಿ ಅಳುತ್ತಿರುತ್ತದೆ, ಇತ್ತ ಹಾಲು ಬಟ್ಟೆಗೆ ಹೋಗುತ್ತಿರುತ್ತದೆ. ಇದಕ್ಕಾಗಿಯೇ ಹೆಂಗಸರೆಲ್ಲ ಗೇಟಿನ ಮುಂದೆ ಬಿಸಿಲಲ್ಲಿ ಕೂತು ಬಸ್ಸು ಕೇಳಿದ್ದು. ಕೊನೆಗೂ ನಿನ್ನೆ ಗುತ್ತಿಗೆ ಆಫೀಸಿನ ಅನಿರುದ್ಧ ಫೋನು ಮಾಡಿ ಹೇಳಿದ್ದ: “ನಾಳೆ ಮಧ್ಯಾಹ್ನ ಮೇಲ್ ಬರುತ್ತೆ ಕಲಾ ಅವರೇ. ಸಂಜೆ ಐದರೊಳಗೆ ಶಿಫ್ಟ್ ಲೀಡರ್ ಒಪ್ಪಿಗೆ ಒತ್ತದಿದ್ರೆ ಬಸ್ಸಿನ ಅಗತ್ಯ ಇಲ್ಲ ಅಂತ ಫೈಲ್ ಮುಚ್ತಾರಂತೆ. ನನ್ನ ಬೈಬೇಡಿ, ಮೇಲಿಂದ ಬಂದಿದ್ದು.”

ಇಲ್ಲ ಎನ್ನುವ ಧೈರ್ಯವಿಲ್ಲದವರು ಗಡುವು ಕೊಡುತ್ತಾರೆ.

ಕಲಾಳದೂ ಎರಡನೇ ಶಿಫ್ಟೇ, ಐದಕ್ಕೆ ಅವಳು ಶೆಡ್ಡಿನೊಳಗಿರುತ್ತಾಳೆ. ರಜೆ ಹಾಕೋಣವೆಂದರೆ ರಜೆಯನ್ನೂ ಮೇಲ್‌ನಲ್ಲೇ ಕೇಳಬೇಕು. ಕೇಳದೆ ಉಳಿದರೆ ಲೀಡರ್‌ಗಿರಿ ಹೋಗುತ್ತದೆ, ಒತ್ತಿದ ಒಪ್ಪಿಗೆಗೂ ಬೆಲೆಯಿರುವುದಿಲ್ಲ. ಅಂದರೆ ಲಕೋಟೆ ಮಧ್ಯಾಹ್ನದೊಳಗೆ ಬದುಕಬೇಕು, ಸಂಜೆ ಮುನಿಶಾಮಮ್ಮನ ಕೈಯಲ್ಲಿ ತೆರೆದುಕೊಳ್ಳಬೇಕು.

“ನನ್ನಿಂದ್ಲೇ ಕೆಟ್ಟೋಯ್ತಾ?” ಮುದುಕಿ ಸಣ್ಣ ದನಿಯಲ್ಲಿ ಕೇಳಿದಳು. “ಲಿಕಿತನ ಕೂಸಿನ ಬಾಯಿಗೆ ನಾನೇ ಮಣ್ಣಾಕ್ಬುಟ್ನಾ?”

“ಸುಮ್ನಿರಿ ಅತ್ತೆ. ನೀವ್ ಒತ್ತದಿದ್ರೂ ರಾತ್ರಿ ತಾನೇ ಮಾಡ್ಕೊಂಡಿರ್ತಿತ್ತು. ಇವ್ಕೆ ನಮ್ಮ ಅಪ್ಪಣೆ ಎಲ್ ಬೇಕು?”

ಅದು ನಿಜವೋ ಸುಳ್ಳೋ ಕಲಾಳಿಗೂ ಗೊತ್ತಿರಲಿಲ್ಲ. ಫೋನನ್ನು ಆರಿಸಿ ಹಚ್ಚಿದಳು. ಲಕೋಟೆ ಬೂದಿಯಾಗಿಯೇ ಇತ್ತು. ಅದನ್ನು ಕಿತ್ತುಹಾಕಿ ಮತ್ತೆ ಇಳಿಸಿಕೊಂಡಳು. ವಿಳಾಸ ಕೇಳಿತು, ಕೊಟ್ಟಳು. ಪಾಸ್‌ವರ್ಡ್ ಕೇಳಿತು, ಕೊಟ್ಟಳು. ಚಕ್ರ ತಿರುಗಿ ತಿರುಗಿ ನಿಂತು, ‘ಈ ಸಾಧನವು ಕಚೇರಿಯ ಭದ್ರತಾ ನಿಯಮಕ್ಕೆ ಹೊಂದುವುದಿಲ್ಲ’ ಎಂದಿತು.

“ಏನಂತೆ?”

“ನಾವು ಅವರಿಗೆ ಹೊಂದಲ್ವಂತೆ.”

“ಅದು ಗೊತ್ತಿರಾದೇ ಅಲ್ವಾ?” ಎಂದಳು ಮುನಿಶಾಮಮ್ಮ.

ಕಂಪನಿಯ ಸಹಾಯವಾಣಿಗೆ ಫೋನು ಮಾಡಿದರೆ ಕಾಯಿಸುವ ಪಿಟೀಲು. ಅನ್ನ ಬೆಂದು, ಬಸಿದು, ಆರುವ ತನಕ ಪಿಟೀಲು. ಕೊನೆಗೆ ಬೆಂಗಳೂರಿನಿಂದ ಒಂದು ಎಳೆ ದನಿ ಬಂತು. ಹೆಸರು ಅನು ಎಂದಳು. ಕಲಾ ಸ್ಪೀಕರ್‌ಗೆ ಹಾಕಿದಳು.

“ಮೇಡಂ, ಅಪ್‌ಡೇಟ್ ಆದಮೇಲೆ ಹೊಸ ರೂಲ್ ಕೂತಿದೆ. ಫೋನ್‌ಗೆ ಲಾಕ್ ಇಲ್ಲದಿದ್ರೆ ಮೇಲ್ ತೆಗೆಯಲ್ಲ.”

“ಈ ಫೋನ್‌ಗೆ ಲಾಕೇ ಇಲ್ವಲ್ಲಮ್ಮ.”

“ಇಲ್ವಾ? ಲಾಕ್ ಇಲ್ದೆ ಹೇಗೆ ಮೇಡಂ ಇಟ್ಕೊಂಡಿದೀರ?”

ಹೇಗೆಂದರೆ ಏನು ಹೇಳುವುದು? ಈ ಲೈನಿನಲ್ಲಿ ಬಾಗಿಲಿಗೇ ಅಗುಳಿ ಹಾಕುತ್ತಿರಲಿಲ್ಲ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಗಂಡಸು ನೆಲದಡಿ ಇಳಿದಿದ್ದಾನೆಂದರೆ ಅವನು ಮೇಲೆ ಬರುವ ತನಕ ಆ ಮನೆಯ ಕದ ಬರೀ ಮುಂದಕ್ಕೆಳೆದಿರುತ್ತಿತ್ತು. ಕೆಳಗೆ ಬಂಡೆ ಸಿಡಿದರೆ ಸುದ್ದಿ ತರುವವನು ಬಾಗಿಲು ಬಡಿಯುತ್ತಾ ನಿಲ್ಲಬಾರದು, ನೇರ ಒಳಬಂದು ಹೆಂಗಸನ್ನು ಹಿಡಿದುಕೊಳ್ಳಬೇಕು. ಮುನಿಶಾಮಮ್ಮನ ಗಂಡ ವೆಂಕಟೇಶಪ್ಪನ ಸುದ್ದಿ ಬಂದದ್ದೂ ಹಾಗೆಯೇ. ಗಣಿ ಮುಚ್ಚಿತು, ಅಭ್ಯಾಸ ಮುಚ್ಚಲಿಲ್ಲ. ಆ ಕಿಟಕಿಯ ಫೋನೂ ಹಾಗೇ ಬಿದ್ದಿರುತ್ತಿತ್ತು. ಗ್ಯಾಸಿನವನನ್ನು ಕೇಳಲು, ಮಗಳನ್ನು ವಿಚಾರಿಸಲು, ಲೈನಿನ ಹೆಂಗಸರು ಕೈಚಾಚಿ ತೆಗೆದುಕೊಳ್ಳುವರು, ಮಾತಾಡಿ ಇಟ್ಟುಹೋಗುವರು.

“ನಮ್ಮತ್ತೆಗೂ ಬೇಕಾಗ್ತದೆ ಕಣಮ್ಮ, ಅದಕ್ಕೆ,” ಎಂದಷ್ಟೇ ಹೇಳಿದಳು ಕಲಾ.

“ಸರಿ ಮೇಡಂ. ಈಗೊಂದು ಪುಟ ಬಂದಿರುತ್ತೆ. ಒಪ್ಪಿದೆ ಅಂತ ಒತ್ತಿ, ಆಮೇಲೆ ಲಾಕ್ ಇಡಿ.”

ಕಲಾ ಒತ್ತುವ ಮುಂಚೆ ಓದಿದಳು. ಓದಿದ್ದನ್ನು ನಂಬದೆ ಮತ್ತೆ ಜೋರಾಗಿ ಓದಿದಳು. “ಅಗತ್ಯವೆನಿಸಿದಾಗ, ಮುನ್ಸೂಚನೆಯಿಲ್ಲದೆ, ಈ ಸಾಧನದಲ್ಲಿರುವ ಎಲ್ಲವನ್ನೂ ಅಳಿಸುವ ಅಧಿಕಾರ ಕಚೇರಿಗೆ ಇರುತ್ತದೆ. ಏನಮ್ಮ ಇದು? ಫೋನ್ ನಂದು. ನನ್ನ ಮದುವೆ ಫೋಟೋ ಇದೆ ಇದ್ರಲ್ಲಿ. ಅಳ್ಸಾಕೆ ಅವರ್ಯಾರು?”

ಅನು ದನಿ ತಗ್ಗಿಸಿ ಹೇಳಿದಳು, “ನಾನೂ ಕಾಂಟ್ರಾಕ್ಟೇ ಅಕ್ಕ. ನನ್ನ ಫೋನಲ್ಲೂ ಅದೇ ಒತ್ತಿದೀನಿ.”

ಮೇಡಂ ಹೋಗಿ ಅಕ್ಕ ಬಂದದ್ದು ಕಲಾಳಿಗೆ ಕೇಳಿಸಿತು. ಬೈಯಲು ತೆರೆದ ಬಾಯಿ ಮುಚ್ಚಿಕೊಂಡಳು. ಈ ನೆಲದಲ್ಲಿ ಚಿನ್ನ ತೆಗೆದವರಿಗೂ ಇಂಥದ್ದೇ ಕಾಗದ; ಬೆವರು ನಿನ್ನದು, ಅಳಿಸುವ ಕೈ ನಮ್ಮದು. ಆಗ ಹೆಬ್ಬೆಟ್ಟಿಗೆ ಮಸಿ ಹಚ್ಚುತ್ತಿದ್ದರು, ಈಗ ಮಸಿಯ ಖರ್ಚೂ ಉಳಿಯಿತು. ಲಿಖಿತಳ ಒದ್ದೆ ರವಿಕೆಯನ್ನು ನೆನೆದು, ಹಲ್ಲು ಕಚ್ಚಿ, ಕಲಾ ಒತ್ತಿದಳು.

“ಈಗ ಲಾಕ್. ಯಾರಿಗೂ ಹೇಳಬಾರದು ಅಕ್ಕ, ಮನೆಯವರಿಗೂ.”

“ಮನೇಲಿ ಒತ್ತೋದೇ ಮನೆಯವರು ಕಣಮ್ಮ. ನಮ್ಮತ್ತೆಗೆ ಅಂಕಿ ಬರಲ್ಲ. ಗೆರೆ ಎಳೆಯೋದು ಇರ್ತದಲ್ಲ, ಚುಕ್ಕಿ ಚುಕ್ಕಿ, ಅದಿಡ್ಲಾ?”

“ನೋಡಿ. ಆದ್ರೆ ಒಳ್ಳೇದು.”

ಗಾಜಿನ ಮೇಲೆ ಸಾಲಾಗಿ ಚುಕ್ಕಿಗಳು ಮೂಡಿದವು. ಮುನಿಶಾಮಮ್ಮನ ಮುಖ ಮೊದಲ ಬಾರಿಗೆ ಅರಳಿತು. “ಅಯ್ಯೋ, ಇದು ನಮ್ದೇ ಕಣಮ್ಮಿ! ತತ್ತಾ ಇಲ್ಲಿ.” ಬಾಗಿಲ ಮುಂದೆ ದಿನಾ ಎಳೆಯುವ ರಂಗೋಲಿಯ ಗೆರೆಯನ್ನು ಒಂದೇ ಉಸಿರಿನಲ್ಲಿ ಎಳೆದು, ಬೆರಳೆತ್ತಿ, ಹಿಟ್ಟು ಕೊಡವುವ ಹಾಗೆ ಕೈ ಕೊಡವಿದಳು. ಫೋನು ಒಂದು ಕ್ಷಣ ಯೋಚಿಸಿತು. ‘ಇದು ಸಾಲದು. ಕನಿಷ್ಠ ಆರು ಅಂಕಿ ಬೇಕು.’

“ಗೆರೆ ಒಪ್ತಿಲ್ಲ ಅತ್ತೆ. ಅಂಕೀನೇ ಬೇಕಂತೆ.”

ಮುದುಕಿಯ ಕೈ ಹಾಗೇ ಗಾಳಿಯಲ್ಲಿ ನಿಂತಿತು. “ಅಂಕಿ ನಂಗೆ ಇರ್ವೆ ಸಾಲಿದ್ದಂಗೆ ಕಾಣ್ತದೆ ಕಣಮ್ಮಿ. ಯಾವ್ದು ಯಾವ್ದೋ.”

“ಅಕ್ಕ, ಇನ್ನೊಂದು,” ಎಂದಳು ಅನು, ಅಪರಾಧಿಯಂತೆ. “ಮತ್ತೆ ಮತ್ತೆ ತಪ್ಪು ಒತ್ತಿದ್ರೆ ಫೋನ್ ತಾನೇ ಎಲ್ಲ ಅಳಿಸಿಕೊಳ್ಳುತ್ತೆ. ಜೋಪಾನ.”

ಮುನಿಶಾಮಮ್ಮ ಫೋನಿನಿಂದ ದೂರ ಸರಿದು ಕೂತಳು. ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. “ನಂಗ್ ಬ್ಯಾಡವ್ವ. ಇನ್ನೊಂದ್ ಕಿತ ನಾನು ಕೆಡ್ಸಾಕಿಲ್ಲ. ಪಕ್ಕದ್ಮನೆ ಮುತ್ಯಾಲಮ್ಮನ ಕೈಲಿ ಕೊಟ್ಟೋಗು.”

“ಮುತ್ಯಾಲಮ್ಮನೇನು ಕಾಲೇಜ್ ಓದವ್ಳಾ? ನಿಮ್ಮಂಗೇ ಅಲ್ವಾ?”

“ಅದೂ ದಿಟವೇ.”

ಇಬ್ಬರ ನಡುವೆ ಫೋನು, ಅದರ ಮೇಲೆ ಅಂಕಿಗಳ ಪಟ, ಒಂದೊಂದು ಅಂಕಿಯೂ ಒಂದೊಂದು ದುಂಡು ಬಟ್ಟಲೊಳಗೆ. ಆ ಕಡೆ ಅನುವೂ ಕರೆ ಕತ್ತರಿಸದೆ ಉಸಿರಾಡುತ್ತಿದ್ದಳು. ಕಲಾ ಅತ್ತೆಯ ಕೈಯನ್ನು ಸೆರಗಿನಿಂದ ಹೊರಗೆಳೆದು ತನ್ನ ತೊಡೆಯ ಮೇಲಿಟ್ಟುಕೊಂಡಳು. ರಂಗೋಲಿ ಹಿಟ್ಟು ಹಿಡಿದು ಹಿಡಿದು ಹೆಬ್ಬೆರಳು ತೋರುಬೆರಳು ನುಣ್ಣಗಾಗಿದ್ದವು. ತೋರುಬೆರಳಿನ ತುದಿಯಲ್ಲಿ ಬೆಳಗಿನ ವಿಭೂತಿ ಇನ್ನೂ ಇತ್ತು.

ಮುನಿಶಾಮಮ್ಮ ಕತ್ತು ಓರೆ ಮಾಡಿ ಆ ಪಟವನ್ನೇ ದಿಟ್ಟಿಸುತ್ತಿದ್ದಳು.

“ಗೆರೆ ಬ್ಯಾಡ ಅಂದ್ರೆ ಬ್ಯಾಡ. ಚುಕ್ಕಿ ಅಲ್ಲೇ ಐತಲ್ಲಮ್ಮಿ?”

“ಎಲ್ಲಿ?”

“ಇಗಾ. ನಾಲ್ಕು ಮೂಲೆಗೂ ಒಂದೊಂದು. ನಟ್ಟನಡುವೆ ಒಂದು. ಕೆಳಗಡೆ ಒಂದು ಒಂಟಿ ನಿಂತೈತೆ ನೋಡು, ಇದು ಒಸಿಲು.” ಬೆರಳು ತಾಗಿಸದೆ ಗಾಳಿಯಲ್ಲೇ ತೋರಿಸಿದಳು. “ಈ ಮೂಡಲ ಮೂಲೆಯಿಂದ ಸುತ್ಕೊಂಡು ಬಂದು, ನಡುವೆ ಇಕ್ಕಿ, ಒಸಿಲಿಗೊಂದು ಬೊಟ್ಟಿಕ್ಕಿದ್ರೆ ಆಯ್ತು. ದಿನಾ ಇಕ್ಕಾದೇ ಅಲ್ವಾ? ಬಟ್ಲೊಳಗೆ ಬರ್ದಿರೋ ಇರ್ವೆ ತಕಂಡು ನಂಗೇನು?”

ಕಲಾ ಎಣಿಸಿದಳು. ಸರಿಯಾಗಿ ಆರು. ಅವಳಿಗೆ ನಗು ಬಂತೋ ಅಳು ಬಂತೋ, ಅತ್ತೆಯ ಬೆರಳು ಹಿಡಿದು ಒಂದೊಂದೇ ಬಟ್ಟಲ ಮೇಲೆ ಇಡಿಸಿದಳು. ಫೋನು ಯೋಚಿಸಿತು. ಒಪ್ಪಿತು. ಲಕೋಟೆಯ ಬೂದಿ ಕಳಚಿ ಬಣ್ಣ ಏರಿತು.

“ಬಂತಾ ಅಕ್ಕ?” ಅನು ಕೇಳಿದಳು. “ಏನ್ ಇಟ್ರಿ? ಅಯ್ಯೋ ಬೇಡ ಬೇಡ, ನನಗೆ ಹೇಳಬಾರದು.”

“ಹೇಳಲ್ಲ ಬಿಡಮ್ಮ. ಊಟ ಮಾಡಿದ್ಯಾ?”

“ಇನ್ನೂ ಇಲ್ಲ ಅಕ್ಕ.”

“ಮಾಡೋಗು ಮಗ,” ಎಂದು ಮುನಿಶಾಮಮ್ಮ ಫೋನಿಗೆ ಬಾಯಿ ಹತ್ತಿರ ತಂದು ಕೂಗಿದಳು.

ಕಲಾ ಹೊರಡುವ ತನಕ ಮುದುಕಿ ಫೋನನ್ನು ಮುಚ್ಚಿ ತೆಗೆದು, ಮುಚ್ಚಿ ತೆಗೆದು ಮಾಡಿದಳು. ಪ್ರತಿಸಲವೂ ಹೊಸಿಲಿನ ಬೊಟ್ಟಿಗೆ ಬರುವಾಗ ತುಟಿ ಬಿಗಿಹಿಡಿಯುವಳು. ಒಮ್ಮೆಯೂ ತಪ್ಪಲಿಲ್ಲ.

“ಲಕೋಟೆ ಒಳಗಿನ ನೀಲಿ ಮಾತ್ರ ಅತ್ತೆ. ಬೇರೆ ಯಾವ ನೀಲೀನೂ ಬೇಡ.”

“ಓಗು ಓಗು, ನೀನ್ ಕಲ್ಸಿದ್ದಕ್ಕೇ ಇಷ್ಟಾಗಿದ್ದು.”

ಶೆಡ್ಡಿನೊಳಗೆ ಆ ಮಧ್ಯಾಹ್ನ ಸಾಗಲೇ ಇಲ್ಲ. ಕಲಾ ಒರೆಸಿದ ನೆಲವನ್ನೇ ಮತ್ತೆ ಒರೆಸಿದಳು. ಲಿಖಿತ ಬಕೆಟ್ಟು ತುಂಬಿಕೊಂಡು ಬಂದವಳು, “ಅಕ್ಕ, ಬಂದಿರ್ತದಾ?” ಎಂದಳು. “ಬಂದಿರ್ತದೆ.” “ಅಜ್ಜಿ ಒತ್ತಿರ್ತಾರಾ?” ಕಲಾ ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಅದ್ದಿದಳು. ಗೋಡೆಯ ಗಡಿಯಾರ ಐದು ದಾಟಿದಾಗ ಇಬ್ಬರೂ ಅದನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಲಿಲ್ಲ.

ಟೀ ಬಿಟ್ಟಾಗ ಸೆಕ್ಯುರಿಟಿ ಕೋಣೆಯ ಫೋನಿನಿಂದ ಒಂದು ಕರೆ ಮಾಡಬಹುದು. ಕಲಾ ಓಡಿದಳು. ಆ ಕಡೆ ಎತ್ತಿದ ದನಿ ಅತ್ತೆಯದಾಗಿರಲಿಲ್ಲ.

“ಎವರು? ಕಲಾನಾ? ನಾನಮ್ಮಾ, ಮುತ್ಯಾಲಮ್ಮ.”

ಮುತ್ಯಾಲಮ್ಮ ಪಕ್ಕದ ಮನೆಯವಳು. ಒಂದೇ ಮಾತಿನಲ್ಲಿ ತೆಲುಗು, ತಮಿಳು, ಕನ್ನಡ ಮೂರನ್ನೂ ಕಲಸಿ ಉಣ್ಣಿಸುವವಳು. ಕಲಾ ದನಿ ಏರಿಸಿದಳು. “ಅತ್ತೆ ಎಲ್ಲಿ? ಹುಷಾರಾಗಿದಾರಾ?”

“ಅಯ್ಯೋ ದೇವುಡಾ, ನಲ್ಲಾ ಅವ್ಳೆ, ಚೆಂದಾಗವ್ಳೆ! ಬೇತಮಂಗಲದ ಕೆರೆ ನೀರು ಇವತ್ತೇ ನಲ್ಲೀಲಿ ಬಂದ್ಬುಡ್ತು, ಮೂರು ಗಂಟೆಗೇ. ನಲ್ಲಿ ತಾವ ದೊಡ್ಡ ಜಗಳ. ಬಿಂದಿಗೆ ಬಿಟ್ಟು ಬಂದ್ರೆ ಓಯ್ತು ನೀರು. ಅದಕ್ಕೇ ನನ್ನ ಕೂಗಿ, ನಿನ್ನ ಬಿಂದಿಗೇನೂ ನಾನೇ ತುಂಬ್ತೀನಿ, ನೀನಿಲ್ಲಿ ಕುಂತ್ಕೋ, ಲಕೋಟೆ ಟಿಂಗ್ ಅಂದ್ರೆ ನೀಲಿ ಒತ್ತು ಅಂದ್ಲು.”

“ಲಾಕ್ ಇತ್ತಲ್ಲ? ಹೇಗೆ ತೆಗೆದ್ರಿ?”

“ಎಂಗೆ ಅಂದ್ರೆ? ನಿಮ್ಮತ್ತೆ ಒಸಿಲ ಮುಂದೆ ಹಿಟ್ಟಾಗೆ ಬರ್ದಿಕ್ಕಿ ಓಗವ್ಳಲ್ಲಾ! ನಾಲ್ಕು ಮೂಲೆ, ನಡುವೆ ಒಂದು, ಒಸಿಲ ಮೇಲೆ ಒಂದು. ಆಚೆಮನೆ ನರಸಮ್ಮನೂ ನೋಡಿದ್ಲು, ಎದುರು ಲೈನವರೂ ನೋಡಿದ್ರು. ಎಲ್ಲಿಂದ ಶುರು ಅಂತ ಏಳ್ಬೇಕಾ ನಮಗೆ? ದಿನಾ ಇಕ್ಕಲ್ವಾ?”

“ಒತ್ತಿದ್ರಾ?”

“ಒತ್ದೇ ಇರ್ತೀನಾ? ಟಿಂಗ್ ಅಂತು, ತೆಗ್ದೆ, ಮ್ಯಾಲೆ ಬಸ್ಸಿನ ಬೊಮ್ಮ ಇತ್ತು, ಕೆಳಗೆ ನೀಲಿ. ಒತ್ದೆ. ಪಚ್ಚೆ ಬಣ್ಣದಾಗೆ ಸರಿ ಗುರ್ತು ಬಂತು. ಸಾಯಂಕಾಲದ ಬಿಸಿಲು ಇನ್ನೂ ಗೋಡೆ ಇಳ್ದಿರಲಿಲ್ಲ, ಐದಾಗಿರಲೇ ಇಲ್ಲ ಕಣಮ್ಮಾ. ತಪ್ಪಾಯ್ತಾ?”

“ಇಲ್ಲ ಮುತ್ಯಾಲಮ್ಮ,” ಎಂದು ಕಲಾ ಫೋನಿಟ್ಟಳು. ಬಾಗಿಲಲ್ಲಿ ಲಿಖಿತ ನಿಂತಿದ್ದಳು, ಎದೆಗೆ ಕೈ ಅಡ್ಡ ಕಟ್ಟಿಕೊಂಡು. ಕಲಾ ಹೌದೆಂದು ತಲೆಯಾಡಿಸಿದ್ದೇ ತಡ, ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕಳು, ಅತ್ತಳು. ರವಿಕೆಯ ಮೇಲೆ ಎರಡು ಒದ್ದೆ ಕಲೆಗಳು ದೊಡ್ಡದಾಗುತ್ತಾ ಹೋದವು.

ಭಾನುವಾರ ಬೆಳಿಗ್ಗೆ ಕಲಾ ಮೇಲ್ ತೆಗೆದು ಅತ್ತೆಗೆ ಓದಿ ಹೇಳಿದಳು. ಸೋಮವಾರದಿಂದ ಎರಡನೇ ಶಿಫ್ಟ್ ಬಿಟ್ಟ ಕೂಡಲೇ ಗೇಟಿನಿಂದ ಬಂಗಾರಪೇಟೆಗೆ ಬಸ್ಸು. ಲಿಖಿತಳೂ ಬಂಗಾರಪೇಟೆಯ ಮಿಕ್ಕ ಹೆಂಗಸರೂ ತಮ್ಮ ತಮ್ಮ ಮನೆಯಲ್ಲೇ ಮಲಗುತ್ತಾರೆ.

ಮುನಿಶಾಮಮ್ಮ ಬಾಗಿಲ ಮುಂದೆ ನೀರು ಚಿಮುಕಿಸುತ್ತಿದ್ದಳು. ನಿನ್ನೆಯ ಹಿಟ್ಟಿನ ಚುಕ್ಕಿಗಳು ಲೈನಿನವರ ಹೆಜ್ಜೆಗೆ ಸಿಕ್ಕಿ ಮಸುಕಾಗಿದ್ದವು.

“ಅತ್ತೆ, ಅದು ಗುಟ್ಟು ಅಂದಿದ್ರು. ಯಾರಿಗೂ ಹೇಳ್ಬಾರದು ಅಂತ.”

“ನಾನೆಲ್ಲಿ ಏಳ್ದೆ? ಬಾಯೇ ಬುಟ್ಟಿಲ್ಲ.” ಮುದುಕಿ ಹಿಟ್ಟಿನ ಬಟ್ಟಲು ಎತ್ತಿಕೊಂಡು ಮತ್ತೆ ಅದನ್ನೇ ಇಡತೊಡಗಿದಳು. ಮೂಡಲ ಮೂಲೆ. ಅಲ್ಲಿಂದ ಸುತ್ತು. “ಕೂಸು ಇನ್ ಮೇಲೆ ರಾತ್ರಿ ಹಾಲು ಕುಡೀತದೆ ಅನ್ನು.”

“ಕುಡೀತದೆ.”

“ಅಂಗಾದ್ರೆ ಲಿಕಿತ ಇನ್ ಮಲಗಾಕೆ ಬರಾಕಿಲ್ಲ.”

“ಯಾಕೆ ಬರ್ತಾಳೆ? ಬಸ್ಸಿದೆಯಲ್ಲ.”

ನಡುವಿನ ಚುಕ್ಕಿ ಇಡುವ ಕೈ ಅರೆಗಳಿಗೆ ನಿಂತಿತು. ಆಮೇಲೆ ಇಟ್ಟಿತು. ಒಳಗೆ ಗೋಡೆಯ ಮೊಳೆಗೆ ಲಿಖಿತ ಮಲಗುವ ಚಾಪೆ ಸುರುಳಿಯಾಗಿ ನೇತಾಡುತ್ತಿತ್ತು. ಅಟ್ಟಕ್ಕೆ ಹಾಕಿಬಿಡೋಣವೆಂದು ಕಲಾ ಅದಕ್ಕೆ ಕೈಹಾಕಿದಳು.

“ಅಲ್ಲೇ ಇರ್ಲಿ ಬುಡು,” ಎಂದಳು ಮುನಿಶಾಮಮ್ಮ ತಿರುಗಿ ನೋಡದೆಯೇ. “ಅವರ ಬಸ್ಸು ಅದು. ಯಾವತ್ತು ಕೆಡ್ತದೋ.”

ಕಲಾ ಚಾಪೆಯನ್ನು ಮೊಳೆಗೇ ಬಿಟ್ಟಳು. ಫೋನನ್ನು ಕಿಟಕಿಯ ಕಟ್ಟೆಯಲ್ಲಿ, ಬೀದಿಯಿಂದ ಕೈಗೆ ಎಟುಕುವ ಎಂದಿನ ಜಾಗದಲ್ಲಿಟ್ಟಳು. ಹೊರಗೆ ಅತ್ತೆ ಹೊಸಿಲ ಮೇಲೆ ಕೊನೆಯ ಬೊಟ್ಟು ಇಟ್ಟು, ಕೈ ಕೊಡವಿದಳು.